ನಾಯಿಗಳಿಗೆ ರಸ್ತೆ ನಿಯಮ

ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಬಲಗಾಲು ಅವರ ಹಿಡಿತದಲ್ಲಿರಲಿಲ್ಲ. ಯಾರೂ ತಪ್ಪು ತಿಳಿಯಬಾರದು, ಕಾಲಿಗೆ ರೋಗವೇನೂ ಇರಲಿಲ್ಲ, ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಜೀವ ಕೈಯಲ್ಲಿ ಹಿಡಿದು, ತಮ್ಮ ಕಡೆಯ ಎರಡನೇ ಬ್ರೇಕನ್ನು ತುಳಿದೂ ತುಳಿದೂ ಆ ಕಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೆ ನೆಲಕ್ಕೆ ಧಡ್! ಕೈಯಿಂದ ಲೋಟ ಜಾರಿದರೆ ಧಡ್! ನಡುರಾತ್ರಿ ಕೆಟ್ಟ ಕನಸು ಬಿದ್ದರೆ ಮಂಚದ ಹಲಗೆಗೇ ಧಡ್! ಆಗ ಪಕ್ಕದಲ್ಲಿ ಮಲಗಿದ ಹೆಂಡತಿ ಕಣ್ಣು ಬಿಡದೆಯೇ, "ರೀ, ಮಂಚ ನಿಂತೇ ಇದೆ. ಮಲಗಿ" ಅನ್ನುತ್ತಿದ್ದಳು.

ಆ ಬೀದಿಯಲ್ಲಿ ಗಾಡಿ ಓಡಿಸುವವರೆಲ್ಲ ಮೇಷ್ಟ್ರ ಶಿಷ್ಯರೇ. ಎದುರುಮನೆ ಟೈಲರ್, ಮೂಲೆಯ ಬೇಕರಿಯವನು, ಅವನ ಭಾವಮೈದ, ಎಲ್ಲರೂ ಅವರ ಕೈಯಲ್ಲಿ ಪಳಗಿದವರು. ಅವರ ಪಾಠವೋ, ಬಹಳ ಸರಳ. ಮೊದಲು ಧಡ್ ಎಂಬ ಸದ್ದು, ಆಮೇಲೆ ಹಣೆ ಹೋಗಿ ಸ್ಟೀರಿಂಗಿಗೆ ತಾಗುವಂತೆ ಕಾರು ನಿಲ್ಲುವುದು, ಆಮೇಲೆ ಉಸಿರಾಡಲೂ ಬಿಡದ ಭಾಷಣ. ಬೀದಿಯಲ್ಲಿ ಈ ಭಾಗ್ಯ ಕಾಣದವರು ಇಬ್ಬರೇ. ಒಬ್ಬರು ಮೇಷ್ಟ್ರ ಬಾಡಿಗೆಮನೆಯ ಮಾಲೀಕರಾದ ಮಹಡಿಯಮ್ಮ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು, ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು, ಕೂತಲ್ಲೇ ಕೂತು ಓಡುವ ವಿದ್ಯೆ ತಮಗೆ ಬೇಡ ಎಂದಿದ್ದರು. ಇನ್ನೊಬ್ಬಳು ಮೇಷ್ಟ್ರ ಸ್ವಂತ ಹೆಂಡತಿ. ಮದುವೆಯಾದಾಗಿನಿಂದ ಮೇಷ್ಟ್ರು ಆಕೆಗೆ ಮುಂದಿನ ತಿಂಗಳಿಂದ ಕಲಿಸುತ್ತಲೇ ಇದ್ದರು.

ಇನ್ನು ನಾಯಿಗಳ ವಿಚಾರ. ಸ್ಕೂಲಿನ ಹಳೇ ಕಾರಿನ ಕೆಳಗೆ ಸಿಕ್ಕಿದ ಮರಿಗಳವು. ದೊಡ್ಡ ಕಂದು ನಾಯಿಯ ಹೆಸರು ಗೇರ್. ಸಣ್ಣದರ ಹೆಸರು ಹಾರ್ನ್, ಯಾಕೆ ಅಂತ ಅದರ ಜೊತೆ ಐದು ನಿಮಿಷ ಇದ್ದವರು ಕೇಳುತ್ತಿರಲಿಲ್ಲ. ದಿನವಿಡೀ ಹೆದರಿ ಬೆವತವರ ಪಕ್ಕ ಕೂತು, ಅವರ ಮನೆಯವರ ಹತ್ತಿರ ಬೈಸಿಕೊಂಡು ಬಂದ ಮೇಷ್ಟ್ರು ಸಂಜೆ ಗೇಟು ತೆಗೆದರೆ ಎರಡೂ ಎದೆಯ ಮೇಲೇ ಹಾರುತ್ತಿದ್ದವು. ತಮ್ಮ ಮಾತನ್ನು ಕೊನೆವರೆಗೂ ಬಾಲ ಅಲ್ಲಾಡಿಸುತ್ತ ಕೇಳುವ ಜೀವಗಳು ಈ ಭೂಮಿಯ ಮೇಲೆ ಇವೆರಡೇ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅವೆಂದರೆ ಅವರಿಗೆ ಪ್ರಾಣ.

ಮನೆಯ ಪಕ್ಕದ ಜಾಗವನ್ನು ತೋಟ ಅಂತ ಕರೆಯುತ್ತಿದ್ದರು. ಬಾಡಿಗೆ ಮಾತಾಡುವ ದಿನ ಹಾಗೆ ಕರೆದದ್ದು, ಆಮೇಲೆ ಯಾರೂ ಹೆಸರು ಬದಲಾಯಿಸುವ ತೊಂದರೆ ತೆಗೆದುಕೊಂಡಿರಲಿಲ್ಲ. ಸೊಂಟದವರೆಗೆ ಕಳೆ, ಒಂದು ಒಡೆದ ಬಕೆಟ್, ಮೂರು ಹಳೇ ಟೈರು, ಎಲ್ಲೆಂದರಲ್ಲಿ ನಾಯಿ ತೋಡಿದ ಗುಂಡಿ. ನಡುವೆ ಒಂದು ನಿಂಬೆ ಗಿಡ. ಮನೆ ಕಟ್ಟಿದ ವರ್ಷ ಮಹಡಿಯಮ್ಮ ತಮ್ಮ ಕೈಯಾರೆ ನೆಟ್ಟದ್ದು. ಮಂಡಿ ನೋವು ಶುರುವಾದ ಮೇಲೆ ಅವರು ಕೆಳಗಿಳಿಯುವುದೇ ಅಪರೂಪ, ಬಾಲ್ಕನಿಯಿಂದಲೇ ಚೊಂಬಿನಲ್ಲಿ ನೀರು ಬೀಸಿ ಗಿಡಕ್ಕೆ ಹಾಕುತ್ತಿದ್ದರು. ಅರ್ಧ ಗಿಡಕ್ಕೆ, ಅರ್ಧ ಮೇಷ್ಟ್ರಿಗೆ.

ಒಂದು ಸೋಮವಾರ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಅವರ ಬಿಳಿ ಬೆಡ್‌ಶೀಟು ಗಾಳಿಗೆ ಕೆಳಗೆ ಬಿತ್ತು. ಗೇರ್ ಮತ್ತು ಹಾರ್ನ್ ಅದನ್ನು ಪೂರ್ತಿ ಮಣ್ಣಿನೊಳಗೆ ಹೂತು, ಮೇಲೆ ಕೂತು, ಕಾವಲು ಕಾದವು.

"ಮೇಷ್ಟ್ರೇ!" ಮೇಲಿನಿಂದ ಕೂಗು ಬಂತು. ಒಂದು ಕಾಲಕ್ಕೆ ಇಡೀ ವಾರ್ಡನ್ನು ಎಬ್ಬಿಸಿದ್ದ ಕೂಗು ಅದು. "ಭಾನುವಾರ ನಾನು ಕೆಳಗಿಳಿದು ಬರ್ತೀನಿ. ತೋಟ ತೋಟದ ಥರ ಇರಬೇಕು. ಇಲ್ಲಾಂದ್ರೆ ಈ ಎರಡನ್ನೂ ನನ್ನ ತಮ್ಮನ ಗೋಡೌನಿಗೆ ಕಳಿಸ್ತೀನಿ. ಅಲ್ಲಿ ಚೈನು ಹಾಕಿ ಕಾವಲಿಗೆ ಕಟ್ಟಿಕೊಳ್ತಾನೆ."

ಮೇಷ್ಟ್ರ ಎದೆ ಧಸಕ್ಕೆಂದಿತು. ಗೇರನ್ನು ಚೈನಿನಲ್ಲಿ ಕಟ್ಟುವುದೇ? ಸಂಜೆ ಗೇಟು ತೆಗೆದರೆ ಖಾಲಿ ಅಂಗಳವೇ? ಆದರೆ ಎದುರುಮನೆ ಟೈಲರ್ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಶಿಷ್ಯನ ಮುಂದೆ ಗುರು ಕುಗ್ಗಬಾರದು.

"ಅಮ್ಮಾ, ಮನುಷ್ಯರನ್ನೇ ದಾರಿಗೆ ತಂದವನು ನಾನು," ಎಂದರು ಮೇಷ್ಟ್ರು, ಗಂಟಲು ಸರಿಮಾಡಿಕೊಂಡು. "ನಾಯಿ ಯಾವ ಲೆಕ್ಕ? ಭಾನುವಾರದ ಹೊತ್ತಿಗೆ ಇವೆರಡೂ ರಸ್ತೆ ನಿಯಮ ಪಾಲಿಸಿಕೊಂಡು ಓಡಾಡ್ತವೆ, ನೋಡ್ತಾ ಇರಿ."

ಬಾಯಿಂದ ಹೊರಟ ಮಾತಿಗೆ ಬ್ರೇಕಿಲ್ಲ. ಮೇಷ್ಟ್ರ ಕಾಲು ತಡವಾಗಿ ಧಡ್ ಅಂದಿತು, ಅಷ್ಟೆ.

ಮಂಗಳವಾರದಿಂದ ಕೆಲಸ ಶುರುವಾಯಿತು. ಕೆಲಸ ಅಂದರೆ, ಹೆಂಡತಿ ಸೀರೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು, ಕಳೆ ಕಿತ್ತು, ಟೈರು ಉರುಳಿಸಿ, ಗುಂಡಿ ಮುಚ್ಚಿದಳು. ಮೇಷ್ಟ್ರು ಒಡೆದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಯೋಜನೆ ಮಾಡಿದರು. ಇಬ್ಬರಿಗೂ ಸುಸ್ತಾಯಿತು.

"ರೀ, ನಾನೊಂದು ಹೇಳ್ಲಾ?" ಎಂದಳು ಆಕೆ, ಬೆವರು ಒರೆಸಿಕೊಳ್ಳುತ್ತ. "ಗೇಟಿಂದ ನಲ್ಲಿಗೆ, ನಲ್ಲಿಯಿಂದ ಮೆಟ್ಟಿಲಿಗೆ, ಇವು ದಿನಾ ಓಡೋದು ಇದೇ ಒಂದು ದಾರಿ. ನೋಡಿ, ಹುಲ್ಲೂ ಬೆಳೆದಿಲ್ಲ. ಅದನ್ನ ಅವಕ್ಕೇ ಬಿಟ್ಟು, ಎರಡು ಪಕ್ಕ ಗಿಡ ಹಾಕಿದರೆ ಮುಗೀತಲ್ಲ."

"ಗಾಡಿ ನುಗ್ಗಿದ ಕಡೆಯೆಲ್ಲ ರಸ್ತೆ ಅಂದ್ರೆ ಟ್ರಾಫಿಕ್ ಇಲಾಖೆ ಯಾಕೇ ಬೇಕು?" ಎಂದರು ಮೇಷ್ಟ್ರು. "ರಸ್ತೆ ಮೊದಲು. ಗಾಡಿ ಆಮೇಲೆ."

ಸುಣ್ಣದ ಪುಡಿ ತಂದರು. ತೋಟದ ಸುತ್ತ ದಪ್ಪ ಬಿಳಿ ಗೆರೆ ಎಳೆದು ರಸ್ತೆ ಮಾಡಿದರು. ಎರಡು ತಿರುವು ಕೊಟ್ಟರು. ನಲ್ಲಿಯ ಹತ್ತಿರ ಪಟ್ಟೆ ಪಟ್ಟೆಯಾಗಿ ಪಾದಚಾರಿ ದಾಟು. ನಿಂಬೆ ಗಿಡವನ್ನು ನಡುವೆ ಇಟ್ಟುಕೊಂಡು ದುಂಡಗೆ ಒಂದು ಸರ್ಕಲ್. ಆಮೇಲೆ ಸ್ಕೂಲಿನಲ್ಲಿ ಪಾಠಕ್ಕೆ ಇಟ್ಟಿದ್ದ ಹಗುರವಾದ ರಸ್ತೆ ಫಲಕಗಳನ್ನು ಕಂಕುಳಲ್ಲಿ ಇರುಕಿಕೊಂಡು ತಂದು ನೆಟ್ಟರು. "ನಿಧಾನವಾಗಿ ಚಲಿಸಿ" ಮೆಟ್ಟಿಲ ಬಳಿ. ಹೊಸದಾಗಿ ನೆಟ್ಟ ಹೂವಿನ ಸಸಿಗಳ ಪಾತಿಗೆ ಆ ಕಡೆಗೊಂದು ಈ ಕಡೆಗೊಂದು, ಎರಡು "ಪ್ರವೇಶವಿಲ್ಲ".

"ನಾಯಿಗೆ ಓದೋಕೆ ಬರುತ್ತಾ?" ಎಂದಳು ಹೆಂಡತಿ.

"ಓದೋಕೆ ಬರೋರು ಓದ್ತಾರಾ?" ಎಂದರು ಮೇಷ್ಟ್ರು. ಅನುಭವದ ಮಾತು, ಆಕೆ ಗುದ್ದಲಿ ಎತ್ತಿಕೊಂಡಳು.

ತರಬೇತಿಯೂ ನಡೆಯಿತು. ಮೇಷ್ಟ್ರು ಹಳೇ ಸ್ಟೀರಿಂಗ್ ಚಕ್ರವನ್ನು ಎದೆಯ ಮುಂದೆ ಹಿಡಿದು, "ಮೊದಲ ತಿರುವು... ಕೈ ತೋರಿಸಬೇಕು... ಈಗ ಸರ್ಕಲ್..." ಎನ್ನುತ್ತ ಬಿಳಿ ಗೆರೆಗಳ ನಡುವೆ ಓಡಿದರು. ನಾಯಿಗಳು ಇಂಥ ಒಳ್ಳೆಯ ಆಟವನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗುರುವನ್ನು ಮುಂದೆ ಹಾಕಿಕೊಂಡು ಅಟ್ಟಿಸಿಕೊಂಡು ಓಡಿದವು, ಸರ್ಕಲ್ಲನ್ನು ನಡುವೆ ಸೀಳಿದವು, ಪಾತಿಯಲ್ಲಿ ಉರುಳಾಡಿದವು. ಟೈಲರ್ ಮತ್ತು ಅವನ ಅಂಗಡಿಗೆ ಬಂದಿದ್ದ ನಾಲ್ಕು ಗಿರಾಕಿಗಳು ಕಾಂಪೌಂಡಿನ ಆಚೆ ತುದಿಗಾಲಲ್ಲಿ ನಿಂತು ಇಣುಕಿದರು. ನೆಲದ ಗೆರೆ, ಬೋರ್ಡು ಎಲ್ಲ ಗೋಡೆಗೆ ಮರೆ, ಅವರಿಗೆ ಕಂಡದ್ದು ಸ್ಟೀರಿಂಗ್ ಹಿಡಿದು ಓಡುವ ಗುರುವಿನ ತಲೆ ಮಾತ್ರ.

"ಮೇಷ್ಟ್ರೇ, ಲೈಸೆನ್ಸ್ ಯಾವಾಗ ಕೊಡ್ತಾರೆ? ನಾಯಿಗಲ್ಲ, ನಿಮಗೆ!" ಎಂದ ಟೈಲರ್.

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಅದೇ ಹೊತ್ತಿಗೆ ಗೇರ್ ಉಳಿದಿದ್ದ ಕೊನೆಯ ಸಸಿಯತ್ತ ನುಗ್ಗಿತು, ಅವರ ಕಾಲು ತಾನಾಗಿ ಧಡ್ ಎಂದು ನೆಲಕ್ಕೆ ಬಿತ್ತು. ಗೇರ್ ಗಕ್ಕನೆ ನಿಂತು ಹಿಂತಿರುಗಿ ನೋಡಿತು. ಕಾಲಿಗೆ ಮುಳ್ಳು ಚುಚ್ಚಿರಬೇಕು ಎಂದುಕೊಂಡು ಮೇಷ್ಟ್ರು ಅದರ ಪಾದ ಎತ್ತಿ ಹುಡುಕಿದರು, ಸಿಗಲಿಲ್ಲ. ಹೆಂಡತಿ ಮಾತ್ರ ಗುದ್ದಲಿಯ ಮೇಲೆ ಕೈ ಊರಿ ಒಮ್ಮೆ ನಾಯಿಯನ್ನು, ಒಮ್ಮೆ ಗಂಡನ ಕಾಲನ್ನು ನೋಡಿ, ಏನೋ ಯೋಚಿಸುತ್ತ ನಿಂತಳು.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಎರಡು "ಪ್ರವೇಶವಿಲ್ಲ" ಫಲಕಗಳೂ ಮಾಯ! ಪಾತಿಯಿಂದ, ಅರೆ ತೆರೆದಿದ್ದ ಗೇಟಿನ ಆಚೆವರೆಗೆ ಎಳೆದ ಗುರುತು. ಗೇಟಿನ ಬಳಿ ಹಾರ್ನ್ ಕೂತಿತ್ತು, ಮೀಸೆಯ ಮೇಲೆ ಕೆಂಪು ಬಣ್ಣದ ಚೂರು.

ಮೇಷ್ಟ್ರು ಬನಿಯನ್ನಿನಲ್ಲೇ ಬೀದಿಗೆ ಓಡಿದರು. ಬೀದಿಯ ಈ ತುದಿಯಲ್ಲಿ, ಯಾರೋ ಮನೆ ಕಟ್ಟಲು ತರಿಸಿದ್ದ ಮರಳಿನ ಗುಡ್ಡೆಯ ಮೇಲೆ, ನೆಟ್ಟಗೆ ನಿಂತಿತ್ತು ಒಂದು ಫಲಕ. ಪಕ್ಕದಲ್ಲಿ ಟೈಲರ್, ಕೈ ಕಟ್ಟಿಕೊಂಡು.

"ಗಟಾರದ ಹತ್ತಿರ ಬಿದ್ದಿತ್ತು ಮೇಷ್ಟ್ರೇ," ಎಂದ ಅವನು ಹೆಮ್ಮೆಯಿಂದ. "ಸರ್ಕಾರದ ಬೋರ್ಡು, ಹಂಗೆ ಬಿಟ್ಟು ಹೋಗೋಕಾಗುತ್ತಾ? ನಿಲ್ಲಿಸಿದೆ. ಬೋರ್ಡ್ ಕಂಡ್ರೆ ಮರ್ಯಾದೆ ಕೊಡಬೇಕು ಅಂತ ನೀವೇ ತಾನೆ ಹೇಳಿಕೊಟ್ಟಿದ್ದು?"

ಇನ್ನೊಂದು ತುದಿಯಲ್ಲಿ ಬೇಕರಿಯವನೂ ಗುರುವಿನ ಮಾತನ್ನು ಅಷ್ಟೇ ನಿಷ್ಠೆಯಿಂದ ಪಾಲಿಸಿದ್ದ. ಹೀಗೆ ಬೀದಿಯ ಎರಡೂ ಬಾಯಿಗೆ "ಪ್ರವೇಶವಿಲ್ಲ" ಬಿತ್ತು. ಹೊರಗಿನ ಗಾಡಿ ಒಳಗೆ ಬರುವಂತಿಲ್ಲ. ಹಾಲಿನ ವ್ಯಾನಿನವನು ಮೂಲೆಯಲ್ಲೇ ಕ್ರೇಟು ಇಳಿಸಿ ಹೊರಟ. ಗ್ಯಾಸ್ ಸಿಲಿಂಡರಿನವನು ಬೇಕಾದವರು ಬಂದು ಉರುಳಿಸಿಕೊಂಡು ಹೋಗಿ ಎಂದ. ಬೇಕರಿಯವನ ಭಾವಮೈದ ಬ್ರೆಡ್ಡು ಕೊಟ್ಟುಬರಲು ಹೊರಗೆ ಹೋದವನು ತನ್ನ ಮನೆಯ ಬಾಗಿಲು ಕಾಣುತ್ತಿದ್ದರೂ ಒಳಗೆ ಬರಲಾಗದೆ, ಬೈಕಿನ ಮೇಲೆ ಕೂತು ಹೆಂಡತಿಯಿಂದ ಕಾಫಿ ತರಿಸಿಕೊಂಡು ಕುಡಿದ. ಎಲ್ಲರೂ ಮೇಷ್ಟ್ರ ಶಿಷ್ಯರು ನೋಡಿ.

ಮೇಷ್ಟ್ರು ಬಾಯಿ ಬಿಡಬಹುದಿತ್ತು. ಬೋರ್ಡು ನನ್ನದು, ಎಳೆದು ತಂದದ್ದು ನನ್ನ ನಾಯಿಗಳು ಅನ್ನಬಹುದಿತ್ತು. ಅಂದರೆ ಮುಗಿಯಿತು, ಮಹಡಿಯಮ್ಮ ನಾಳೆಯವರೆಗೂ ಕಾಯುವುದಿಲ್ಲ, ಇವತ್ತೇ ಗೋಡೌನು. ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡು, ಯಾರೂ ಇಲ್ಲದಾಗ ಕಿತ್ತುಕೊಂಡರಾಯಿತು ಎಂದು ಮನೆಗೆ ಬಂದರು. ಆದರೆ ಅಂದು ಯಾರೂ ಇಲ್ಲದ ಗಳಿಗೆ ಬರಲೇ ಇಲ್ಲ. ಕಾರಣ ಗೊತ್ತಿಲ್ಲದ ಬೋರ್ಡಿಗೆ ಕಾರಣ ಹುಡುಕಲು ಇಡೀ ಬೀದಿ ಹೊರಗೆ ನಿಂತಿತ್ತು.

"ಯಾರೋ ದೊಡ್ಡೋರು ಬರ್ತಾರಂತೆ."

"ದೊಡ್ಡೋರಲ್ಲ ಮಾರಾಯ, ರಸ್ತೆ ಅಗಲ ಮಾಡ್ತಾರಂತೆ."

"ಅಯ್ಯೋ! ಗುರುತು ಹಾಕಿದ್ದಾರಾ?"

ಟೈಲರ್ ಗಂಭೀರವಾಗಿ ತನ್ನ ಮಾಳಿಗೆ ಹತ್ತಿ ಸುತ್ತ ನೋಡಿದ. ನೋಡಿದವನು ಅಲ್ಲಿಂದಲೇ ಕೂಗಿದ: "ಹಾಕಿದ್ದಾರೆ! ಸುಣ್ಣದಲ್ಲಿ! ಮಹಡಿಯಮ್ಮನ ತೋಟದೊಳಗೇ ಹೋಗಿದೆ ರಸ್ತೆ! ಎರಡು ತಿರುವಿದೆ, ಜನ ದಾಟೋ ಪಟ್ಟೆ ಇದೆ, ಸರ್ಕಲ್ಲೂ ಇದೆ! ನಿಂಬೆ ಗಿಡ ಕಿತ್ತು ಅಲ್ಲಿ ಪ್ರತಿಮೆ ಇಡ್ತಾರೆ ಅಂತ ಕಾಣುತ್ತೆ!"

ಮಧ್ಯಾಹ್ನದ ಹೊತ್ತಿಗೆ ಪ್ರತಿಮೆ ಯಾರದು ಎಂಬ ಬಗ್ಗೆ ಎರಡು ಪಕ್ಷಗಳಾಗಿದ್ದವು. ಬೇಕರಿಯವನು ತನ್ನ ಅಂಗಡಿಗೆ ಇನ್ನು ಸರ್ಕಲ್ ಬೇಕರಿ ಅಂತ ಹೆಸರಿಡುವುದೆಂದು ತೀರ್ಮಾನಿಸಿದ್ದ. ಟೈಲರ್ ತನ್ನ ಮನೆಯ ಮುಂದಿನ ಮೆಟ್ಟಿಲನ್ನು, ಸರ್ಕಾರ ಒಡೆಯುವ ಮೊದಲು ತಾನೇ ಒಡೆದರೆ ಕಲ್ಲಾದರೂ ಉಳಿಯುತ್ತದೆಂದು, ಒಡೆದೇಬಿಟ್ಟಿದ್ದ. ಆಮೇಲೆ ಮನೆಯೊಳಗೆ ಹೋಗಲು ಅವನಿಗೆ ಸ್ಟೂಲು ಬೇಕಾಯಿತು.

ಯಾರು ಫೋನು ಮಾಡಿದರೋ, ಸಂಜೆಗೆ ಟ್ರಾಫಿಕ್ ಇನ್ಸ್‌ಪೆಕ್ಟರ್ ಬಂದರು. ತಮ್ಮ ಇಲಾಖೆಯೇ ಹಾಕದ ಫಲಕ ಎಲ್ಲಿಂದ ಬಂತು ಎಂದು ವಿಚಾರಿಸಲು ಬಂದವರು, ಫಲಕ ಕಂಡದ್ದೇ ಬೈಕನ್ನು ಮೂಲೆಯಲ್ಲಿ ನಿಲ್ಲಿಸಿ ನಡೆದುಕೊಂಡೇ ಬಂದರು. ಅವರೂ ಮೇಷ್ಟ್ರ ಹಳೇ ಶಿಷ್ಯರೇ. ಜನ ಸುಣ್ಣದ ಗೆರೆ ತೋರಿಸುತ್ತ ಅವರನ್ನು ತೋಟದೊಳಕ್ಕೇ ನಡೆಸಿಕೊಂಡು ಬಂದರು.

ಆಗ ಮೆಟ್ಟಿಲ ಮೇಲೆ ಸದ್ದಾಯಿತು. ಮಹಡಿಯಮ್ಮ ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ನೋಯುವ ಮಂಡಿಯನ್ನು ಒಂದೊಂದೇ ಮೆಟ್ಟಿಲಿಗೆ ಇಳಿಸುತ್ತ ಬರುತ್ತಿದ್ದರು.

"ಯಾರದು ನನ್ನ ಗಿಡ ಕೀಳೋನು?" ಎಂದರು. "ರಸ್ತೆ ಬೇಕಾದ್ರೆ ನನ್ನ ಮೇಲೆ ಮಾಡ್ಕೊಂಡು ಹೋಗ್ಲಿ!"

"ಅಮ್ಮಾ, ನಾನು ಕೀಳೋಕೆ ಬಂದಿಲ್ಲ..." ಎಂದರು ಇನ್ಸ್‌ಪೆಕ್ಟರ್.

"ಸುಮ್ನಿರಪ್ಪ! ನೈಟ್ ಡ್ಯೂಟಿ ಮುಗಿಸಿ ಬಂದು, ಕಣ್ಣಲ್ಲಿ ನಿದ್ದೆ ತುಂಬಿಕೊಂಡು ಆ ಗಿಡ ನೆಟ್ಟಿದ್ದು ನಾನು. ಇದ್ದೋರೆಲ್ಲ ಒಬ್ಬೊಬ್ಬರೇ ಹೋದ್ರು. ಅದೊಂದು ಉಳ್ಕೊಂಡಿದೆ." ಅವರ ಧ್ವನಿ ನಡುಗಿತು. ಇಡೀ ವಾರ್ಡನ್ನು ಎಬ್ಬಿಸುತ್ತಿದ್ದ ಧ್ವನಿ ನಡುಗಿದ್ದನ್ನು ಯಾರೂ ಕೇಳಿರಲಿಲ್ಲ. ಎರಡು ಪಕ್ಷಗಳೂ ಪ್ರತಿಮೆಯನ್ನು ಅಲ್ಲೇ ಕೈಬಿಟ್ಟವು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಗೇರ್ ಅವರ ಕಾಲಿಗೆ ಒರಗಿ ನಿಂತಿತ್ತು, ಅದರ ತಲೆಯ ಮೇಲೆ ಕೈ ಇಟ್ಟುಕೊಂಡೇ ಅವರು ಹೇಳಿಬಿಟ್ಟರು:

"ರಸ್ತೆ ಇಲ್ಲಮ್ಮ. ಯಾವ ರಸ್ತೇನೂ ಇಲ್ಲ. ಗೆರೆ ಎಳೆದಿದ್ದು ನಾನು, ನಾಯಿಗೆ. ಬೋರ್ಡೂ ನಂದೇ. ಇವು ಎಳ್ಕೊಂಡು ಹೋಗಿ ಬೀದೀಲಿ ಹಾಕಿದ್ವು. ನಿಮ್ಮ ಗಿಡಕ್ಕೆ ಏನೂ ಆಗಲ್ಲ. ನಾಯಿಗಳನ್ನ... ನಿಮ್ಮ ತಮ್ಮನಿಗೆ ಹೇಳಿ, ಬಂದು ಕರ್ಕೊಂಡು ಹೋಗ್ಲಿ."

ಟೈಲರ್ ತನ್ನ ಮನೆಯ ಕಡೆ ತಿರುಗಿ, "ಹಂಗಾದ್ರೆ ನನ್ನ ಮೆಟ್ಟಿಲು?" ಎಂದ.

"ಅಂದ್ರೆ," ಇನ್ಸ್‌ಪೆಕ್ಟರ್ ಟೋಪಿ ತೆಗೆದು ಬೆವರು ಒರೆಸಿಕೊಂಡರು, "ಇಡೀ ಬೀದಿ ಸಂಚಾರ ನಿಲ್ಲಿಸಿದ್ದು ಈ ಎರಡು ನಾಯಿಗಳಾ ಮೇಷ್ಟ್ರೇ?"

ಟೋಪಿಯನ್ನು ಅವರು ಅಷ್ಟು ಕೆಳಗೆ ಹಿಡಿಯಬಾರದಿತ್ತು. ಹಾರ್ನ್ ಒಂದೇ ನೆಗೆತಕ್ಕೆ ಅದನ್ನು ಕಚ್ಚಿಕೊಂಡು ಓಟ ಕಿತ್ತಿತು. ಟೋಪಿ ತನಗೂ ಬೇಕೆಂದು ಗೇರ್ ಅದರ ಹಿಂದೆ ಬಿತ್ತು. ಇನ್ಸ್‌ಪೆಕ್ಟರ್ ಗೇರಿನ ಹಿಂದೆ, ಅವರ ಹಿಂದೆ ಟೈಲರ್, ಟೈಲರ್ ಹಿಂದೆ ಬೇಕರಿಯವನು ಮತ್ತು ಕಾಫಿ ಲೋಟದ ಸಮೇತ ಅವನ ಭಾವಮೈದ. ಬಿಳಿ ಗೆರೆಗಳ ಮೇಲೆ ಒಬ್ಬನೇ ಒಬ್ಬ ಓಡಲಿಲ್ಲ. ಇಡೀ ಮೆರವಣಿಗೆ ಗೇಟಿಂದ ನಲ್ಲಿಗೆ, ನಲ್ಲಿಯಿಂದ ಮೆಟ್ಟಿಲಿಗೆ, ನಾಯಿಗಳ ಹಳೇ ದಾರಿಯಲ್ಲೇ ನುಗ್ಗಿತು. ಮೆಟ್ಟಿಲ ಕೊನೆಯಲ್ಲಿ, ಕಂಬಿ ಬಿಟ್ಟು, ಚೊಂಬು ಹಿಡಿದು, ಮಹಡಿಯಮ್ಮ.

ಧಡ್!

ಮೇಷ್ಟ್ರು ಯೋಚಿಸಿ ಮಾಡಿದ್ದಲ್ಲ. ಅಷ್ಟು ಜೋರಾಗಿ ಆ ಕಾಲು ಎಂದೂ ಬಿದ್ದಿರಲಿಲ್ಲ.

ಹಾರ್ನ್ ನಿಂತಿತು. ಗೇರ್ ನಾಲ್ಕೂ ಕಾಲು ಊರಿ, ಮಹಡಿಯಮ್ಮನ ಸೀರೆಯ ಅಂಚಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿತು. ನಿಂತದ್ದು ಅವೆರಡೇ ಅಲ್ಲ. ಇನ್ಸ್‌ಪೆಕ್ಟರ್ ಒಂದು ಕಾಲು ಗಾಳಿಯಲ್ಲಿ ಇದ್ದ ಹಾಗೆಯೇ ನಿಂತರು, ಕೈಗಳೆರಡೂ ಕಾಣದ ಸ್ಟೀರಿಂಗೊಂದನ್ನು ಹಿಡಿದಿದ್ದವು. ಟೈಲರ್ ಹಣೆಯನ್ನು ಹಿಂದಕ್ಕೆಳೆದುಕೊಂಡು ಕಣ್ಣು ಮುಚ್ಚಿದ. ಬೇಕರಿಯವನು, "ತಪ್ಪಾಯ್ತು ಮೇಷ್ಟ್ರೇ, ಕನ್ನಡಿ ನೋಡ್ಲಿಲ್ಲ" ಎಂದ. ಕಾಂಪೌಂಡಿನ ಆಚೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಯಾರೋ ಹಳೇ ಶಿಷ್ಯನೊಬ್ಬ ಧೊಪ್ಪೆಂದು ಬಿದ್ದ ಸದ್ದು ಕೇಳಿತು.

ಇಡೀ ತೋಟದಲ್ಲಿ ಅಲ್ಲಾಡುತ್ತಿದ್ದವರು ಇಬ್ಬರೇ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮಹಡಿಯಮ್ಮ ನಿಧಾನವಾಗಿ ಬಗ್ಗಿ, ಹಾರ್ನ್ ಬಾಯಿಂದ ಟೋಪಿ ಬಿಡಿಸಿ, ಇನ್ಸ್‌ಪೆಕ್ಟರ್ ತಲೆಗೆ ಇಟ್ಟು, ಕಲ್ಲಿನಂತೆ ನಿಂತವರ ನಡುವೆ ನಡೆದುಹೋಗಿ ನಿಂಬೆ ಗಿಡಕ್ಕೆ ನೀರು ಹಾಕಿದರು. ಎಷ್ಟೋ ವರ್ಷಗಳ ಮೇಲೆ ಅದರ ಬುಡಕ್ಕೇ ನೀರು ಬಿತ್ತು. ಎಲೆಗಳನ್ನು ಮುಟ್ಟಿ ನೋಡಿದರು.

"ಮೇಷ್ಟ್ರೇ," ಎಂದರು ತಿರುಗಿ. "ಮೂವತ್ತು ಮಂಚದ ವಾರ್ಡು ನೋಡಿಕೊಂಡೋಳು ನಾನು. ಕೂಗಿ ಕೂಗಿ ಗಂಟಲು ಹೋಯ್ತೇ ಹೊರತು ಒಬ್ಬ ಡಾಕ್ಟ್ರೂ ನನ್ನ ಮಾತಿಗೆ ಹಿಂಗೆ ನಿಂತಿರಲಿಲ್ಲ. ಈ ವಿದ್ಯೆ ನಂಗೂ ಹೇಳಿಕೊಡಿ."

"ಹಾಗಾದ್ರೆ... ನಾಯಿಗಳು?" ಎಂದರು ಮೇಷ್ಟ್ರು.

"ನಾಯಿ ಇಲ್ದೆ ಯಾರ ಮೇಲೆ ಕಲೀಲಿ? ಇವನ ಮೇಲಾ?" ಎಂದು ಅವರು ಇನ್ನೂ ಗಾಳಿಯಲ್ಲೇ ಕಾಲಿಟ್ಟುಕೊಂಡಿದ್ದ ಇನ್ಸ್‌ಪೆಕ್ಟರ್ ಕಡೆ ಕೈ ತೋರಿಸಿದರು. "ಇರ್ಲಿ ಬಿಡಿ ಇಲ್ಲೇ."

ಮೇಷ್ಟ್ರು ಅಲ್ಲೇ ಮಣ್ಣಿನಲ್ಲಿ ಮಂಡಿಯೂರಿ ಗೇರಿನ ಕುತ್ತಿಗೆ ತಬ್ಬಿಕೊಂಡು ಅತ್ತರು. ಆಮೇಲೆ ಕಣ್ಣಿಗೆ ಸುಣ್ಣದ ಪುಡಿ ಬಿತ್ತು ಎಂದು ಎಲ್ಲರಿಗೂ ಹೇಳಿದರು. ಇನ್ಸ್‌ಪೆಕ್ಟರ್ ಎರಡೂ ಫಲಕಗಳನ್ನು ತಾವೇ ಕಿತ್ತು ತಂದುಕೊಟ್ಟರು, ಮತ್ತೆ ಇಂಥದ್ದು ಆಗಬಾರದು ಎಂದು ಗದರಿಸಿದರು. ಗುರುವನ್ನು ಗದರಿಸಲು ಆಗದ ಕಾರಣ ಟೈಲರನ್ನು ಗದರಿಸಿದರು.

ಭಾನುವಾರ ಬೆಳಿಗ್ಗೆ ಹೆಂಡತಿ ಸುಣ್ಣದ ಗೆರೆಗಳನ್ನೆಲ್ಲ ಮಣ್ಣಿನಲ್ಲಿ ಬೆರೆಸಿದಳು. ಗೇಟಿಂದ ನಲ್ಲಿಗೆ, ನಲ್ಲಿಯಿಂದ ಮೆಟ್ಟಿಲಿಗೆ ಹೋಗುವ ಹಾದಿಗೆ ಟೈಲರ್ ಮೆಟ್ಟಿಲಿನ ಕಲ್ಲುಗಳನ್ನೇ ತಂದು ಹಾಸಿ, ಎರಡೂ ಪಕ್ಕ ಹೊಸ ಸಸಿ ನೆಟ್ಟಳು. ಮೂರು ಟೈರಿನೊಳಗೆ ಮಣ್ಣು ತುಂಬಿ ಅಲ್ಲೂ ಗಿಡ ಇಟ್ಟಳು. ಮೂಲೆಯಲ್ಲೊಂದಿಷ್ಟು ಮರಳು ಸುರಿದು, ತೋಡುವುದಿದ್ದರೆ ಇಲ್ಲಿ ತೋಡಿ ಎಂದು ನಾಯಿಗಳಿಗೆ ತೋರಿಸಿದಳು. ಅವು ಕಲ್ಲಿನ ಹಾದಿಯಲ್ಲಿ ಜೊತೆಯಾಗಿ ಓಡಿ ಹೋಗಿ ಮರಳಿನಲ್ಲಿ ಬಿದ್ದವು. ಒಂದು ಸಸಿಯ ಎಲೆಯೂ ಅಲ್ಲಾಡಲಿಲ್ಲ.

ಮಾತಿನಂತೆ ಮಹಡಿಯಮ್ಮ ಇಳಿದು ಬಂದು ನೋಡಿದರು. ಮುಖ ಅರಳಿತು. ಬೀದಿಯವರೂ ಒಬ್ಬೊಬ್ಬರಾಗಿ ಒಳಗೆ ಬಂದರು. ಜನ ಸೇರಿದ್ದನ್ನು ಕಂಡು ಮೇಷ್ಟ್ರು ಶರ್ಟಿನ ಗುಂಡಿ ಹಾಕಿಕೊಂಡು, ಬೋರಲು ಬಕೆಟ್ಟಿನ ಮೇಲೆ ಹತ್ತಿ ನಿಂತರು.

"ನೋಡಿ ಅಮ್ಮಾ," ಎಂದರು, "ಇದನ್ನೇ ನಾನು ಮೊದಲಿಂದ್ಲೂ ಹೇಳ್ತಾ ಬಂದಿದ್ದು. ಗಾಡಿ ಎಲ್ಲಿ ಓಡುತ್ತೋ ಅಲ್ಲೇ ರಸ್ತೆ ಮಾಡ್ಬೇಕು. ಈ ಯೋಜನೆಗೆ ನಾನು ಇಡೀ ವಾರ ತಲೆ ಕೆಡಿಸಿಕೊಂಡು..."

ಹೆಂಡತಿ ಗುದ್ದಲಿಯನ್ನು ಗೋಡೆಗೆ ಒರಗಿಸಿದಳು. ಕೈಯ ಮಣ್ಣು ಕೊಡವಿಕೊಂಡಳು. ಸೀರೆಯನ್ನು ತುಸು ಮೇಲೆತ್ತಿ, ಬಲಗಾಲಿನಿಂದ ನೆಲಕ್ಕೆ ಒಂದೇ ಒಂದು ಏಟು ಕೊಟ್ಟಳು.

ಧಡ್!

ಗೇರ್ ನಿಂತಿತು. ಹಾರ್ನ್ ನಿಂತಿತು. ಟೈಲರ್, ಬೇಕರಿಯವನು, ಭಾವಮೈದ, ಎಲ್ಲರೂ ಇದ್ದಲ್ಲೇ ನಿಂತರು. ಬಕೆಟ್ಟಿನ ಮೇಲೆ ಮೇಷ್ಟ್ರ ಬಾಯಿಯೂ, ತೆರೆದದ್ದು ತೆರೆದ ಹಾಗೆಯೇ, ನಿಂತಿತು.

"ಮುಂದಿನ ತಿಂಗಳವರೆಗೆ ಯಾರು ಕಾಯ್ತಾರೆ?" ಎಂದಳು ಆಕೆ. "ನಾನೇ ಕಲ್ತುಕೊಂಡೆ."